ಅಜ್ಜನ ಕಡಲು ಯಾರದ್ದು?

"ಅಜ್ಜ, ನೀನು ಅರಬರ ಸಮುದ್ರದಲ್ಲಿ ಮೀನು ಹಿಡೀತಿದ್ಯಾ? ಅವರು ಬೈತಿರ್ಲಿಲ್ವಾ?"

ಕಳೆದ ವಾರ ವಿಡಿಯೋ ಕಾಲ್‌ನಲ್ಲಿ ಮಗಳು ನಮ್ಮಪ್ಪನಿಗೆ ಕೇಳಿದ ಪ್ರಶ್ನೆ. ಅವಳ ಅಟ್ಲಾಸಿನಲ್ಲಿ ನಾವಿರುವ ಒಮಾನಿನ ಸಲಾಲಾದಿಂದ ಊರಿನ ತನಕ ಇರುವ ನೀರಿಗೆಲ್ಲ ಅರಬ್ಬಿ ಸಮುದ್ರ ಅಂತ ಬರೆದಿದೆ. ಅರಬರು ಇಲ್ಲೇ ಇದ್ದಾರೆ, ಅಂದಮೇಲೆ ಸಮುದ್ರವೂ ಅವರದ್ದೇ ಅಲ್ವಾ? ರಂಪಣಿ ಬಲೆ ಎಳೆದು ನಮ್ಮನ್ನು ಓದಿಸಿದ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಅದು ನಮ್ಮ ಪಡುಗಡಲು ಮಗಾ" ಅಂದರು. ನನಗೆ ಚುರುಕ್ ಅಂತು.

ಆ ರಾತ್ರಿ ಹುಡುಕಿ ಓದುತ್ತಾ ಕೂತೆ. ಸುಮಾರು 2,000 ವರ್ಷಗಳ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ನಾವಿಕರ ಕೈಪಿಡಿಯಲ್ಲಿ ಇದು ಎರಿಥ್ರಿಯನ್ ಸಮುದ್ರ, ಅಂದರೆ ಕೆಂಪು ಸಮುದ್ರ. ಈಗ ಈಜಿಪ್ಟ್ ಪಕ್ಕದ ಸಮುದ್ರಕ್ಕೆ ಮಾತ್ರ ಉಳಿದಿರುವ ಆ ಹೆಸರು ಆಗ ನಮ್ಮ ದಡದವರೆಗೂ ಹರಡಿತ್ತು. ವಿಜಯನಗರದ ಮೊದಲ ಅರಸರು ತಮ್ಮನ್ನು 'ಪೂರ್ವ ಪಶ್ಚಿಮ ಸಮುದ್ರಾಧೀಶ್ವರ' ಅಂತ ಕರೆದುಕೊಂಡರು. ಅಪ್ಪನ ಪಡುಗಡಲೂ ಅದೇ ತಾನೇ. ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಹಳೆಯ ಅರಬ್ ಭೂಗೋಳಕಾರರ ಮಾತು. ಅವರು ಈ ಇಡೀ ನೀರಿಗೆ ಬಹರ್ ಅಲ್ ಹಿಂದ್, ಹಿಂದ್ ದೇಶದ ಸಮುದ್ರ, ಅನ್ನುತ್ತಿದ್ದರು! ಹಡಗು ಹತ್ತಿದವರ ಕಣ್ಣು ನಮ್ಮ ದಡದ ಮೇಲಿತ್ತು, ಹೆಸರೂ ನಮ್ಮದೇ ಇಟ್ಟರು. ನಾವು ಯುರೋಪಿನವರ ನಕಾಶೆ ನೋಡಿ ಅರಬ್ಬಿ ಸಮುದ್ರ ಅಂತ ಬಾಯಿಪಾಠ ಮಾಡಿದೆವು.

ಇಲ್ಲಿ ಅಲ್ ಬಲೀದ್ ಅಂತ ಒಂದು ಹಾಳು ಬಂದರಿದೆ, ಹಿಂದಿನ ಝಫಾರ್ ಪಟ್ಟಣ. 14ನೇ ಶತಮಾನದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಇಲ್ಲಿಗೆ ಬಂದಿದ್ದ. ಇಲ್ಲಿಂದ ಕುದುರೆಗಳು ಹಿಂದ್ ದೇಶಕ್ಕೆ ಹೋಗುತ್ತವೆ, ಗಾಳಿ ಚೆನ್ನಾಗಿದ್ದರೆ ಕಲ್ಲಿಕೋಟೆಗೆ ಒಂದು ತಿಂಗಳ ದಾರಿ ಅಂತ ಬರೆದ. ವೀಳ್ಯದೆಲೆ, ತೆಂಗು ನೋಡಿದ. ಇಲ್ಲಿಯವರು ದನಕರುಗಳಿಗೆ ತಾರ್ಲೆ ಮೀನು ತಿನ್ನಿಸುವುದನ್ನೂ ನೋಡಿದ. ಈಗಲೂ ಸೀಸನ್‌ನಲ್ಲಿ ತಾರ್ಲೆಯನ್ನು ಮರಳಿನ ಮೇಲೆ ಹರಡಿ ಒಣಗಿಸುತ್ತಾರೆ. ಬೆಳ್ಳಗೆ ಮಿರಮಿರ ಮಿಂಚುತ್ತಿರುತ್ತದೆ, ವಾಸನೆ ರಸ್ತೆಗೇ ಬರುತ್ತದೆ, ನಾನು ಕಾರು ನಿಲ್ಲಿಸಿ ಗಾಜು ಇಳಿಸುತ್ತೇನೆ. ಜೂನ್ ಕೊನೆಗೆ ಖರೀಫ್, ಅಂದರೆ ಇಲ್ಲಿನ ಮಳೆಗಾಲ, ಶುರು. ಊರಿಗೆ ಮಳೆ ತರುವ ಅದೇ ನೈಋತ್ಯ ಗಾಳಿ ಇಲ್ಲಿ ಜಿನುಗು ಮಳೆ ತಂದು ಗುಡ್ಡಗಳನ್ನೆಲ್ಲ ಹಸಿರು ಮಾಡುತ್ತದೆ.

ಅದೇ ಬತೂತಾ ಮುಂದೆ ನಮ್ಮ ಹೊನ್ನಾವರಕ್ಕೂ ಬಂದ. ಊರಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆ ನೋಡಿದೆ ಅಂತ ಬರೆದಿಟ್ಟ. ಹೆಣ್ಣುಮಕ್ಕಳಿಗೆ, ಆ ಕಾಲದಲ್ಲಿ! ಇದನ್ನು ಕೇಳಿ ಮಗಳು ಕುಣಿದಳು. ನನಗೆ ಮಾತ್ರ ಬೇಜಾರೇ ಜಾಸ್ತಿ ಆಯಿತು. ಅದೇ ಊರಲ್ಲಿ ಹತ್ತನೇ ಕ್ಲಾಸಿನವರೆಗೆ ಓದಿದೆ, ಒಬ್ಬರೂ ಇದನ್ನು ಹೇಳಲಿಲ್ಲ. ಕರಾವಳಿಯ ಮೇಷ್ಟ್ರು ಯಾರಾದರೂ ಇದನ್ನು ಓದುತ್ತಿದ್ದರೆ, ಒಂದು ಸಂಜೆ ಮಕ್ಕಳನ್ನು ಶರಾವತಿ ಅಳಿವೆಗೆ ಕರೆದುಕೊಂಡು ಹೋಗಿ, ಅಲ್ಲೇ ನಿಂತು ಹೇಳಿ.