ಬೇಲ್ ನಂಬರ್ ಇದ್ದರೆ ಸಾಲದು, ರಾಶಿಯ ಲೆಕ್ಕ ಬೇಕು

ಚಿತ್ರದುರ್ಗದಲ್ಲಿ ಹತ್ತಿಯಿಂದ ಬೀಜ ಬೇರೆ ಮಾಡುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಈಗ ನೂಲಿನ ಮಿಲ್‌ನವರು ರೇಟ್ ಕೇಳುವಾಗಲೇ ಇನ್ನೊಂದು ಮಾತು ಸೇರಿಸುತ್ತಾರೆ. ಈ ಅರಳೆ (ಬೀಜ ತೆಗೆದ ಹತ್ತಿ) ಎಲ್ಲಿ ಬೆಳೆದದ್ದು, ಕಾಗದ ಕೊಡಿ ಅಂತ. ಸುಮ್ನೆ ತಲೆನೋವು ಅನ್ನುವವರೇ ಜಾಸ್ತಿ. ಆದರೆ ಕೇಳುವುದು ಸರಿ ಅಂತ ನನಗನ್ನಿಸುತ್ತದೆ.

ಮೂಲ ಇರುವುದು ಅಮೆರಿಕದಲ್ಲಿ. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಉಯ್ಗುರ್ ಜನರನ್ನು ಬಲವಂತವಾಗಿ ದುಡಿಸಿಕೊಳ್ಳುತ್ತಾರೆ ಅಂತ 2021ರ ಡಿಸೆಂಬರ್‌ನಲ್ಲಿ ಅಲ್ಲಿ ಒಂದು ಕಾನೂನು ಬಂತು. 2022ರ ಜೂನ್ 21ರಿಂದ ಜಾರಿಯಾಯಿತು. ಆ ಪ್ರದೇಶದ ಹತ್ತಿ ಒಂದು ಎಳೆ ಸೇರಿದ್ದರೂ ಬಟ್ಟೆ ಬಲವಂತದ ದುಡಿಮೆಯದು ಅಂತಲೇ ಲೆಕ್ಕ. ಅಲ್ಲ ಅಂತ ಸಾಬೀತು ಮಾಡಬೇಕಾದವನು ತರಿಸಿಕೊಂಡವನು. ಚೀನಾದ ಹತ್ತಿಯಲ್ಲಿ ನೂರಕ್ಕೆ ಸುಮಾರು 90 ಭಾಗ ಶಿನ್‌ಜಿಯಾಂಗ್‌ನದೇ, ಹಾಗಾಗಿ ಅಮೆರಿಕದ ವ್ಯಾಪಾರಿ ಗಾರ್ಮೆಂಟ್‌ನವರನ್ನು ಹಿಡಿಯುತ್ತಾನೆ, ಅವರು ಬಟ್ಟೆ ನೇಯುವವರನ್ನು, ಅವರು ನೂಲಿನವರನ್ನು, ಕೊನೆಗೆ ಎಲ್ಲ ನಮ್ಮ ಹತ್ತಿರ ಬಂದು ನಿಲ್ಲುತ್ತದೆ. ಬಲವಂತದ ದುಡಿಮೆಯ ಸರಕನ್ನು ತಡೆಯುವ ಯುರೋಪಿನ ಕಾನೂನೂ 2027ರ ಡಿಸೆಂಬರ್‌ನಿಂದ ಶುರುವಾಗುತ್ತದೆ.

ಕಾಗದದ ಸರಪಳಿ ತುಂಡಾಗುವುದು ನಮ್ಮ ಅಂಗಳದಲ್ಲೇ. ಹಿರಿಯೂರು, ಚಳ್ಳಕೆರೆ, ಜಗಳೂರು ಕಡೆಯ ರೈತ ಹತ್ತಿ ತಂದಾಗ ಮಾರುಕಟ್ಟೆಯಲ್ಲಿ ಲಾಟ್ ನಂಬರ್, ತೂಕದ ಚೀಟಿ, ಹೆಸರು, ಊರು ಎಲ್ಲವೂ ಇರುತ್ತದೆ. ಫ್ಯಾಕ್ಟರಿಗೆ ಬಂದ ಮೇಲೆ ಹತ್ತಾರು ಊರಿನ ಹತ್ತಿ ಒಂದೇ ರಾಶಿಗೆ ಬೀಳುತ್ತದೆ. ಬೀಜ ಬೇರೆಯಾಗಿ, ಅರಳೆ ಪ್ರೆಸ್ ಆಗಿ, 170 ಕೆಜಿಯ ಬಿಗಿ ಕಟ್ಟು, ಅಂದರೆ ಬೇಲ್ ಆಗುತ್ತದೆ. ಬೇಲ್ ಮೇಲೆ ನಂಬರ್ ಇರುತ್ತದೆ ನಿಜ, ಆದರೆ ಆ ನಂಬರ್ ಯಾವ ಚೀಟಿಗಳಿಗೆ ಸೇರಿದ್ದು ಅಂತ ಯಾರೂ ಬರೆದಿಡದಿದ್ದರೆ ಅದು ನಮ್ಮ ಗೇಟಿನ ತನಕ ಮಾತ್ರ ದಾರಿ ತೋರಿಸುತ್ತದೆ. ಮುಂದೆ ಮಿಲ್‌ನಲ್ಲಿ ನೂಲು ಒಂದೇ ಸಮ ಬರಲಿ ಅಂತ ಎಷ್ಟೋ ಬೇಲ್‌ಗಳನ್ನು ಮತ್ತೆ ಬೆರೆಸುತ್ತಾರೆ. ಅಲ್ಲಿ ಹುಡುಕುವುದು ಇನ್ನೂ ಕಷ್ಟ, ಅಲ್ವಾ?

ಅದಕ್ಕೇ ನಾನು ರಾಶಿಗೊಂದು ನಂಬರ್ ಇಡಿ ಅನ್ನುತ್ತೇನೆ. ಆ ರಾಶಿಗೆ ಬಿದ್ದ ಚೀಟಿಗಳು, ಅದರಿಂದ ಬಂದ ಬೇಲ್‌ಗಳು ಒಂದೇ ಪುಟದಲ್ಲಿ ಇರಲಿ. ಆಗ ತೂಕವೇ ಸಾಕ್ಷಿ ಹೇಳುತ್ತದೆ. 100 ಕ್ವಿಂಟಲ್ ಹತ್ತಿಗೆ ಅರಳೆ ಬರುವುದು ಸುಮಾರು 34 ಕ್ವಿಂಟಲ್, ಅಂದರೆ 20 ಬೇಲ್. ಪುಸ್ತಕದಲ್ಲಿ 30 ಬೇಲ್ ಕಂಡರೆ ಉಳಿದ 10 ಬೇರೆ ಎಲ್ಲಿಂದಲೋ ಬಂದಿವೆ. ಕಳ್ಳ ಲೆಕ್ಕ ಹಿಡಿಯಲು ಇಷ್ಟು ಸಾಕು.

ಲ್ಯಾಬ್ ಪರೀಕ್ಷೆ ಇದೆಯಲ್ಲ ಅನ್ನುತ್ತಾರೆ. ಇದೆ. ಗಿಡ ಕುಡಿದ ನೀರು, ಬೆಳೆದ ಮಣ್ಣು, ಹವೆಯ ಗುರುತು ಎಳೆಯೊಳಗಿನ ಐಸೊಟೋಪ್‌ಗಳಲ್ಲಿ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಉಳಿಯುತ್ತದೆ, ಅದನ್ನು ಬೇರೆ ಬೇರೆ ಪ್ರದೇಶದ ಮಾದರಿಗಳ ಜೊತೆ ಹೋಲಿಸುತ್ತಾರೆ. ಡಿಎನ್ಎ ಪರೀಕ್ಷೆ ತಳಿ ಹೇಳುತ್ತದೆ, ಹೊಲ ಹೇಳುವುದಿಲ್ಲ. ಬೆರೆತ ನೂಲು ಕೊಟ್ಟರೆ ಐಸೊಟೋಪ್ ಉತ್ತರವೂ ಮಸುಕಾಗುತ್ತದೆ. ಕಾಗದ ಸರಿಯಿದೆಯಾ ಅಂತ ತಾಳೆ ನೋಡಲು ಪರೀಕ್ಷೆ ಒಳ್ಳೆಯದು, ಕಾಗದದ ಬದಲಿಗೆ ಅಲ್ಲ.

ಒಂದು ವಿಷಯ ಮಾತ್ರ ನನ್ನನ್ನು ಬಿಡುವುದಿಲ್ಲ. ಚೀನಾದ್ದಲ್ಲ ಅಂತ ಬರೆದುಕೊಟ್ಟರೆ ನಮ್ಮ ಹತ್ತಿ ಶುದ್ಧ ಅಂತ ಅರ್ಥವೇ? ಅಮೆರಿಕದ ಕಾರ್ಮಿಕ ಇಲಾಖೆಯ ಪಟ್ಟಿಯಲ್ಲಿ ಭಾರತದ ಹೈಬ್ರಿಡ್ ಹತ್ತಿ ಬೀಜವೂ ಇದೆ. ಮಕ್ಕಳ ದುಡಿಮೆ, ಬಲವಂತದ ದುಡಿಮೆ ಎರಡೂ ಕಾರಣಕ್ಕೆ. ಬೀಜದ ಹೊಲದಲ್ಲಿ ಒಂದೊಂದು ಹೂವನ್ನೂ ಕೈಯಿಂದಲೇ ಬಿಡಿಸಿ ಪರಾಗ ಸವರಬೇಕು, ಆ ಕೆಲಸಕ್ಕೆ ಮುಂಗಡ ಕೊಟ್ಟು ಹೆಣ್ಣುಮಕ್ಕಳನ್ನು ಕರೆತಂದದ್ದು ಉಂಟು. ಜೀತ ರದ್ದಾಗಿದ್ದು 1976ರಲ್ಲಿ! ನಮ್ಮ ಚೀಟಿ ಊರು ಹೇಳುತ್ತದೆ, ದುಡಿದವರನ್ನು ಹೇಳುವುದಿಲ್ಲ. ಆದರೆ ರೈತ ಕೊಂಡ ಬೀಜದ ಪಾಕೀಟಿನ ಮೇಲೂ ಲಾಟ್ ನಂಬರ್ ಇರುತ್ತದೆ. ರಾಶಿಯ ಪುಟದಲ್ಲಿ ಅದಕ್ಕೂ ಒಂದು ಕಾಲಂ ಹಾಕಿ ಅಂತ ಮಾಲೀಕರನ್ನು ಕೇಳಿದ್ದೇನೆ. ಕೊಳ್ಳುವವರು ಯಾರೂ ಇನ್ನೂ ಅದನ್ನು ನಮ್ಮನ್ನು ಕೇಳಿಲ್ಲ. ಕೇಳಬೇಕು.