ವಿಚರ್ ಸರಣಿ: ಮೂರನೆಯದರಿಂದಲೇ ಶುರು ಮಾಡಬಹುದು

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್‌ ಕಂಪನಿ ತಂದ ವಿಚರ್ ಸರಣಿಯಲ್ಲಿ ಮುಖ್ಯ ವಿಡಿಯೊ ಆಟಗಳು ಮೂರು: 2007, 2011, 2015. ಮೊದಲನೆಯದರಲ್ಲಿ ಕತ್ತಿವರಸೆ ಮೌಸ್ ಕ್ಲಿಕ್‌ನ ಲಯ ಹಿಡಿದು ನಡೆಯುತ್ತದೆ. ಇವತ್ತಿಗೆ ತೀರಾ ಹಳತು. ನೇರ ಮೂರನೆಯದಕ್ಕೆ ಹೋಗಿ. ಕೆಲವು ಹಳೆಯ ಪಾತ್ರಗಳ ಪರಿಚಯ ತಪ್ಪುತ್ತದೆ, ಅಷ್ಟೇ. ಉದ್ದುದ್ದ ಸಂಭಾಷಣೆ ಬೇಸರ ಅನ್ನುವವರಿಗೆ ಮಾತ್ರ ಈ ಸರಣಿ ಬೇಡ.

ರುಚಿಸುತ್ತದೋ ಇಲ್ಲವೋ ತಿಳಿಯಲು ಆಟ ಶುರುವಾಗುವ ವೈಟ್ ಆರ್ಚರ್ಡ್ ಪ್ರದೇಶ ದಾಟಿ, ಮುಂದಿನ ವೆಲೆನ್ ಪ್ರದೇಶದಲ್ಲಿ ಬ್ಲಡಿ ಬ್ಯಾರನ್ ಎಂಬ ಪಾತ್ರದ ಕಥೆಯವರೆಗಾದರೂ ಆಡಬೇಕು. ಪಿಸಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಹಣ ವಾಪಸ್ ಬೇಕಿದ್ದರೆ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆ ಮೀರುವ ಮೊದಲೇ ಕೇಳಬೇಕು. ಅಷ್ಟರಲ್ಲಿ ಬ್ಯಾರನ್ ಕಥೆ ಮುಟ್ಟುವುದು ಕಷ್ಟ. ರಿಯಾಯಿತಿ ಬರುವವರೆಗೆ ಕಾಯುವುದೇ ಜಾಣತನ.

ಹೊಸಬರು ಸೋಲುವುದು ಬಾವಿಯ ಬಳಿಯ ನೂನ್‌ರೈತ್ ಎಂಬ ದೆವ್ವದ ಎದುರು. ಸುಮ್ಮನೆ ಕತ್ತಿ ಬೀಸಿದರೆ ಏಟು ಸರಿಯಾಗಿ ನಾಟುವುದಿಲ್ಲ. ಯರ್ಡೆನ್ ಎಂಬ ಮಂತ್ರದ ವೃತ್ತ ಹಾಕಿ, ದೆವ್ವ ಅದರೊಳಗೆ ಬಂದಾಗ ಬೆಳ್ಳಿ ಕತ್ತಿಯಿಂದ ಹೊಡೆಯಿರಿ. ಕ್ವೆನ್ ಎಂಬ ರಕ್ಷಣಾ ಮಂತ್ರದ ಕವಚ ಒಡೆದರೆ ಮತ್ತೆ ಹಾಕಿಕೊಳ್ಳಿ. ಆಟದ ನಾಯಕ ಜೆರಾಲ್ಟ್‌ನ ನಡಿಗೆ ಭಾರವೆನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಮೂವ್‌ಮೆಂಟ್ ರೆಸ್ಪಾನ್ಸ್ ಅನ್ನು ಆಲ್ಟರ್ನೇಟಿವ್‌ಗೆ ಬದಲಿಸಿ. ಹಳೆಯ ಪಿಸಿ ತಡವರಿಸುತ್ತಿದ್ದರೆ ಗ್ರಾಫಿಕ್ಸ್ ತಂತ್ರಾಂಶವಾದ ಡೈರೆಕ್ಟ್‌ಎಕ್ಸ್‌ನ 12ನೇ ಆವೃತ್ತಿ ಬಿಟ್ಟು 11 ಆರಿಸಿ.