ಹಳೇ ನುಡಿ ಫೈಲು, ಹೊಸ ವರ್ಡ್

ವರ್ಡ್ 2003ರ ಫೈಲು ಹೊಸ ವರ್ಡ್‌ನಲ್ಲಿ ಸುಮ್ನೆ ತೆರೆದುಕೊಳ್ಳುತ್ತದೆ, ಮೇಲ್ಗಡೆ ಕಂಪ್ಯಾಟಿಬಿಲಿಟಿ ಮೋಡ್ ಅಂತ ತೋರಿಸುತ್ತದೆ ಅಷ್ಟೇ. ನಮಗೆ ತಲೆನೋವು ಕೊಡುವುದು ಅದರೊಳಗಿನ ಹಳೇ ಫಾಂಟು, ಅಂದ್ರೆ 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಫಾಂಟು. ಅದು ಸಿಸ್ಟಮ್‌ನಲ್ಲಿ ಇಲ್ಲದಿದ್ದರೆ 'ಕನ್ನಡ' ಅನ್ನೋ ಪದದಲ್ಲಿ ಇಂಗ್ಲಿಷಿನ ಪಿ, ನಡುವೆ ಪೌಂಡ್ ಗುರುತು ಕಾಣಿಸುತ್ತವೆ! ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. ಆ ಫಾಂಟು ಹಾಕಿಕೊಂಡರೆ ಓದಬಹುದು.

ಆದರೆ ತಿದ್ದಬೇಕು, ಹುಡುಕಬೇಕು ಅಂದ್ರೆ ಯೂನಿಕೋಡಿಗೆ, ಅಂದ್ರೆ ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತಕ್ಕೆ, ಕನ್ವರ್ಟರ್ ತಂತ್ರಾಂಶದಿಂದ ಬದಲಿಸುವುದೇ ಸರಿ. ಮೊದಲು ಒಂದು ಕಾಪಿ ಇಟ್ಟುಕೊಳ್ಳಿ. ಮಧ್ಯೆ ಇಂಗ್ಲಿಷ್ ಪದಗಳಿದ್ದರೆ ಕನ್ವರ್ಟರು ಅವನ್ನೂ ಕನ್ನಡ ಅಂದುಕೊಂಡು ಏನೇನೋ ಮಾಡಿಬಿಡುತ್ತದೆ, ಹಾಗಾಗಿ ಅವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಬದಲಿಸಿ. ಅರ್ಕಾವೊತ್ತು ಇರುವ ಪದಗಳು ಬದಲಾಗುವಾಗ ತಪ್ಪಾಗಿರಬಹುದು, ಅವುಗಳ ಮೇಲೆ ಒಂದ್ಸಲ ಕಣ್ಣಾಡಿಸಿ. ಕೊನೆಗೆ ತುಂಗಾ ಅಥವಾ ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ, ಹೊಸ ವರ್ಡ್‌ನ .docx ಫೈಲಾಗಿ ಸೇವ್ ಮಾಡಿ.